ಆರು ರನ್ನಿನ ಸೋಲು: ತಂಡದ ಪ್ರಕ್ರಿಯಾನಿಷ್ಠೆ ಕುರಿತು ಒಂದು ಮರುವಿಚಾರ

ಕ್ರೀಡಾ ಮನೋವಿಜ್ಞಾನವು ಗುರಿಗಳನ್ನು ಮೂರಾಗಿ ವಿಂಗಡಿಸುತ್ತದೆ: ಸೋಲು-ಗೆಲುವಿಗೆ ಸಂಬಂಧಿಸಿದ ಫಲಗುರಿ, ತನ್ನದೇ ಹಿಂದಿನ ಮಟ್ಟವನ್ನು ಮೀರುವ ಸಾಧನಾಗುರಿ ಮತ್ತು ಎದುರಿಗಿರುವ ಎಸೆತವನ್ನು ಆಡುವ ಬಗೆಯಂತೆ ಆಟಗಾರನ ಹಿಡಿತದಲ್ಲೇ ಇರುವ ಪ್ರಕ್ರಿಯಾಗುರಿ. ಮೂರನೆಯದರ ಉಪಯುಕ್ತತೆಯನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ವಿವಾದವಿರುವುದು ಅದನ್ನು ಗೀತೆಯ ನಿಷ್ಕಾಮ ಕರ್ಮಕ್ಕೆ ಸಮೀಕರಿಸಿ, ಪ್ರಕ್ರಿಯೆಯನ್ನು ನೆಚ್ಚಿದ ತಂಡ ಫಲವನ್ನೇ ಮರೆಯಬೇಕೆನ್ನುವ ಜನಪ್ರಿಯ ವ್ಯಾಖ್ಯಾನದಲ್ಲಿ.

2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ನಡೆದ ರಣಜಿ ಫೈನಲ್ ಈ ವ್ಯಾಖ್ಯಾನವನ್ನು ಪರೀಕ್ಷಿಸಲು ತಕ್ಕ ಪಂದ್ಯ. 338 ರನ್ನುಗಳ ಗುರಿಯ ಬೆನ್ನುಹತ್ತಿದ ಕರ್ನಾಟಕ, ಮನೀಶ್ ಪಾಂಡೆಯವರ 144 ರನ್ನುಗಳ ಬಲವಿದ್ದೂ 331ಕ್ಕೆ ಆಲೌಟಾಗಿ ಮುಂಬೈಗೆ 6 ರನ್ನುಗಳಿಂದ ಸೋತಿತು. ನೆನಪು ಸಹಜವಾಗಿಯೇ ಕೊನೆಯ ವಿಕೆಟ್ಟುಗಳ ಸುತ್ತ ನಿಲ್ಲುತ್ತದೆ. ಸ್ಕೋರುಪಟ್ಟಿ ಮಾತ್ರ ಬೇರೆಡೆಗೆ ಬೆರಳು ತೋರುತ್ತದೆ. ಮುಂಬೈ 233 ಮತ್ತು 234 ರನ್ ಗಳಿಸಿದ್ದರೆ, ಕರ್ನಾಟಕದ ಮೊದಲ ಇನ್ನಿಂಗ್ಸ್ 130ಕ್ಕೇ ಮುಗಿದಿತ್ತು. ಆ 103 ರನ್ನುಗಳ ಹಿನ್ನಡೆಯ ಮುಂದೆ ಕೊನೆಯ ಆರು ರನ್ ಎಷ್ಟರದು? ಹಾಗಿದ್ದರೂ ಸೋಲೆಂಬ ಫಲವೇ ಇಲ್ಲದಿದ್ದರೆ ಮೊದಲ ಇನ್ನಿಂಗ್ಸಿನ ದೋಷವನ್ನು ಯಾರೂ ಕೆದಕುತ್ತಿರಲಿಲ್ಲ. ಆದ್ದರಿಂದ ಪ್ರಕ್ರಿಯಾನಿಷ್ಠೆಯೆಂದರೆ ಫಲತ್ಯಾಗವಲ್ಲ, ಫಲದ ಬಳಕೆಯನ್ನು ಬದಲಿಸುವುದು: ಆಡುವಾಗ ಅದನ್ನು ಬದಿಗಿಟ್ಟು, ಆಟ ಮುಗಿದ ಮೇಲೆ ಅದರ ಬೆಳಕಿನಲ್ಲಿ ಪ್ರತಿಯೊಂದು ಹಂತವನ್ನೂ ಶೋಧಿಸುವುದು.

ಈ ಮಾತಿಗೆ ಮಿತಿಗಳಿವೆ. ಒಂದು ಪಂದ್ಯದಿಂದ ಸಿದ್ಧಾಂತ ಹುಟ್ಟದು. ಅಂಕಿಗಳು ತಂಡದ ಮನಸ್ಸನ್ನು ತೆರೆದು ತೋರಿಸವು. 2015ರ ಮಾರ್ಚಿನಲ್ಲಿ ವಾಂಖೆಡೆಯ ಫೈನಲಿನಲ್ಲಿ ತಮಿಳುನಾಡಿನ 134ಕ್ಕೆ ಉತ್ತರವಾಗಿ 84ಕ್ಕೆ 5 ವಿಕೆಟ್ ಕಳೆದುಕೊಂಡಿದ್ದ ಕರ್ನಾಟಕವನ್ನು ಕರುಣ್ ನಾಯರ್ (328) ಮತ್ತು ಕೆ.ಎಲ್. ರಾಹುಲ್ (188) 386 ರನ್ನುಗಳ ಜೊತೆಯಾಟದಿಂದ ಎತ್ತಿ ನಿಲ್ಲಿಸಿದ್ದನ್ನು ಪ್ರಕ್ರಿಯಾನಿಷ್ಠೆಯ ಪುರಾವೆಯೆಂದು ಮುಂದಿಡುವ ಆಸೆ ಪ್ರಬಲವಾದದ್ದೇ. ಆದರೆ ಪಿಚ್ಚಿನ ಸ್ವಭಾವ, ಬೌಲರುಗಳ ದಣಿವು, ಅದೃಷ್ಟ ಇವುಗಳ ಪಾಲನ್ನು ಕಳೆಯದೆ ಹಾಗೆನ್ನುವುದು ಫಲದಿಂದಲೇ ಪ್ರಕ್ರಿಯೆಯನ್ನು ಅಳೆಯುವ ಹಳೆಯ ತಪ್ಪಿಗೆ ಮರಳಿದಂತಾಗುತ್ತದೆ.

ರಣಜಿ ಮಟ್ಟದ ಪರಿಣತರಿಗೆ ಹೊಂದುವ ಈ ವಿಚಾರ ಕಲಿಕೆಯ ಹಂತದ ಮಕ್ಕಳಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದು ಇನ್ನೂ ತೆರೆದ ಪ್ರಶ್ನೆ. ಉದಾಹರಣೆಗೆ, ಅನಂತಪುರದಲ್ಲಿ ರಫೇಲ್ ನಡಾಲ್ ಪ್ರತಿಷ್ಠಾನವು 2010ರಲ್ಲಿ ತೆರೆದ ಶಾಲೆಯಲ್ಲಿ ಟೆನಿಸ್ಸಿನೊಂದಿಗೆ ಇಂಗ್ಲಿಷ್, ಕಂಪ್ಯೂಟರ್ ಪಾಠಗಳೂ ನಡೆಯುತ್ತವೆ. ಅಂಥಲ್ಲಿ ಫಲವೆಂದು ಯಾವುದನ್ನು ಎಣಿಸಬೇಕೆಂಬುದನ್ನೇ ಮೊದಲು ನಿರ್ಧರಿಸಬೇಕಾಗುತ್ತದೆ.