ಅಟ್ಟದ ಮೇಲಿನ ಸೈನಿಕ ಟೋಪಿ



ಇತಿಹಾಸದ ಮೇಷ್ಟರು ನಿವೃತ್ತರಾದರೂ ಹಳೆಯ ವಸ್ತುಗಳು ಅವರನ್ನು ಬಿಡುವುದಿಲ್ಲ. ಕಳೆದ ವರ್ಷ ಶ್ರಾವಣದಲ್ಲಿ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಣ್ಣಾ, ಅಟ್ಟದ ಟ್ರಂಕಿನಲ್ಲಿ ಅಜ್ಜನ ಹೈಫಾ ಟೋಪಿ ಸಿಕ್ಕಿದೆ, ಬಂದು ನೋಡಿ" ಎಂದನು. ಸೆಪ್ಟೆಂಬರ್ 23ರಂದು ಊರಿನ ಶಾಲೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದೆಂದು ನಿಶ್ಚಯವಾಗಿ, ಫಲಕವನ್ನೂ ಬರೆಸಿಯಾಗಿತ್ತು.

ನಮ್ಮ ಅಜ್ಜ ಮೈಸೂರು ಲ್ಯಾನ್ಸರ್ಸ್ ದಳದ ಸವಾರರಾಗಿದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಹೈಫಾ ನಗರಕ್ಕೆ ನುಗ್ಗಿದಾಗ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನೇರಿ ಶತ್ರುಗಳ ಫಿರಂಗಿಗಳ ಮೇಲೆ ಬಿದ್ದಿತು. ಆ ಕಥೆಯನ್ನು ಕೇಳುತ್ತಲೇ ನಾವೆಲ್ಲ ಬೆಳೆದವರು. ಆದುದರಿಂದ ಟೋಪಿಯನ್ನು ಕೈಗೆತ್ತಿಕೊಂಡಾಗ ನನ್ನ ಮನಸ್ಸೂ ಅದು ಅಜ್ಜನದೇ ಆಗಿರಲೆಂದು ಬಯಸಿತು.

ಹಳೆಯ ಸೈನಿಕ ಟೋಪಿಯ ಕಾಲವನ್ನು ಹೇಳಲು ಮೊದಲು ನೋಡಬೇಕಾದದ್ದು ಮುಂದಿನ ಬಿಲ್ಲೆಯ ಮೇಲಿನ ಕಿರೀಟ. 1901ರಲ್ಲಿ ವಿಕ್ಟೋರಿಯಾ ರಾಣಿ ತೀರಿಕೊಂಡು ಏಳನೆಯ ಎಡ್ವರ್ಡ್ ಪಟ್ಟಕ್ಕೆ ಬಂದ ಮೇಲೆ ಬಿಲ್ಲೆಗಳ ಕಿರೀಟದ ರೂಪ ಬದಲಾಯಿತು. ಹೊಸತರ ಕಮಾನುಗಳು ಗುಮ್ಮಟದಂತೆ ಉಬ್ಬಿರುತ್ತವೆ. ಅದಕ್ಕೆ ಟ್ಯೂಡರ್ ಕಿರೀಟವೆಂದು ಹೆಸರು. ಎರಡನೆಯ ಎಲಿಜಬೆತ್ ಪಟ್ಟವೇರಿದ ಮೇಲೆ ನಡುವೆ ತಗ್ಗಿದ ಕಮಾನುಗಳ ಕಿರೀಟ ಬಂದಿತು. ಭಾರತದಲ್ಲಿಯಾದರೋ 1950ರ ಗಣರಾಜ್ಯದೊಂದಿಗೆ ಕಿರೀಟವೇ ಇಳಿದು ಅಶೋಕಸ್ತಂಭದ ಸಿಂಹಗಳು ಬಂದವು. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತೆಂದು ಭಾವಿಸಬೇಡಿ. 2022ರಲ್ಲಿ ಮೂರನೆಯ ಚಾರ್ಲ್ಸ್ ಮತ್ತೆ ಟ್ಯೂಡರ್ ಕಿರೀಟವನ್ನೇ ಆರಿಸಿಕೊಂಡುದರಿಂದ, ನಿನ್ನೆ ಮೊನ್ನೆಯ ಬಿಲ್ಲೆಯೂ ನೂರು ವರ್ಷದ್ದರಂತೆ ಕಾಣಬಹುದು! ಇದಲ್ಲದೆ ಅಚ್ಚು ಎರಕದ ನಕಲುಗಳೂ ಇವೆ. ಅವುಗಳ ಗೆರೆಗಳು ಮೊಂಡಾಗಿದ್ದು, ಅಂಚಿನಲ್ಲಿ ಅರದಿಂದ ಉಜ್ಜಿದ ಗುರುತಿರುತ್ತದೆ.

ನಮ್ಮ ಟೋಪಿಯ ಬಿಲ್ಲೆಯ ಕೆಳಭಾಗ ಸವೆದು ರೆಜಿಮೆಂಟಿನ ಹೆಸರು ಅಳಿಸಿಹೋಗಿತ್ತು. ಕಿರೀಟ ಮಾತ್ರ ಸ್ಪಷ್ಟವಾಗಿ ಟ್ಯೂಡರ್. "ನೋಡಿದಿರಾ, ಕಾಲ ಸರಿಯಾಗಿಯೇ ಇದೆ" ಎಂದು ತಮ್ಮ ಹಿಗ್ಗಿದನು. ಆದರೆ ಬಿಲ್ಲೆಯನ್ನು ಯಾವ ಟೋಪಿಗೆ ಬೇಕಾದರೂ ಚುಚ್ಚಬಹುದು. ಆದ್ದರಿಂದ ಟೋಪಿಯನ್ನೇ ಕೇಳಬೇಕು.

ಅದು ಅಗಲ ಅಂಚಿನ, ಒಂದು ಬದಿಯನ್ನು ಮೇಲಕ್ಕೆ ಮಡಿಸಿದ ಫೆಲ್ಟ್ ಟೋಪಿ. ಇಲ್ಲಿಯೇ ನನಗೆ ಮೊದಲ ಅಳುಕು. ಪ್ಯಾಲೆಸ್ಟೈನಿನಲ್ಲಿ ನಮ್ಮ ಸವಾರರು ಸುತ್ತುತ್ತಿದ್ದುದು ರುಮಾಲು. ಈ ಬಗೆಯ ಟೋಪಿ ಬರ್ಮಾ ಕಾಡುಗಳಲ್ಲಿ ಜಪಾನೀಯರೊಡನೆ ಹೋರಾಡಿದ ಹದಿನಾಲ್ಕನೆಯ ಸೈನ್ಯದ ಚಿತ್ರಗಳಲ್ಲಿ ಧಾರಾಳವಾಗಿ ಕಾಣುತ್ತದೆ. ಒಳಗಿನ ಚರ್ಮದ ಪಟ್ಟಿಯನ್ನು ಮೆಲ್ಲನೆ ಹೊರಳಿಸಿ ಭೂತಗನ್ನಡಿ ಹಿಡಿದೆ. ಬ್ರಿಟಿಷ್ ಸರ್ಕಾರದ ಸ್ವತ್ತೆಂಬುದನ್ನು ಸೂಚಿಸುವ ಬಾಣದ ಗುರುತು, ಅಳತೆ ಆರು ಮುಕ್ಕಾಲು, ಅದರ ಕೆಳಗೆ ಇಸವಿ: 1943. ಅಜ್ಜ ತೀರಿಕೊಂಡದ್ದು 1936ರಲ್ಲಿ.

ತಮ್ಮನ ಮುಖ ಕಪ್ಪಿಟ್ಟಿತು. "ಅದನ್ನೆಲ್ಲ ಯಾರು ಒಳಗೆ ತೆಗೆದು ನೋಡುತ್ತಾರೆ ಅಣ್ಣಾ?" ಎಂದನು. ಮೂವತ್ತು ವರ್ಷ ಮಕ್ಕಳಿಗೆ ಇಸವಿ ತಪ್ಪಿದರೆ ಅಂಕ ಕಳೆದವನು ನಾನು, ಹೂಂ ಎನ್ನಲಾಗಲಿಲ್ಲ. ಒಂದು ಗಳಿಗೆ ಹೂಂ ಎನ್ನಬೇಕೆನಿಸಿದ್ದೂ ಸುಳ್ಳಲ್ಲ.

ಹಾಗಾದರೆ ಇದು ಯಾರದು? ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಹಿತ್ತಲ ಕೋಣೆಯಲ್ಲಿದ್ದ, ತೊಂಬತ್ತು ದಾಟಿದ ಅತ್ತೆಯ ಬಳಿಗೆ ಹೋದೆ. ಅವರು ಅದರ ಅಂಚನ್ನು ಸವರಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಇದು ಅಣ್ಣನದು ಕಣೋ. ಅವನ ತಲೆ ಸಣ್ಣದು" ಎಂದರು.

ಅಣ್ಣನೆಂದರೆ ನಮ್ಮ ದೊಡ್ಡಪ್ಪ. ಯುದ್ಧದ ಕಾಲದಲ್ಲಿ ಪುಣೆಯಲ್ಲಿ ಗುಮಾಸ್ತರಾಗಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರು. ನನ್ನ ಬಾಲ್ಯದಲ್ಲಿ ಅವರು ಜಗುಲಿಯ ಮೂಲೆಯಲ್ಲಿ ಕುಳಿತಿರುತ್ತಿದ್ದರು. ಮಾತು ಕಡಿಮೆ, ಜೋರು ಮಳೆ ಹೊಡೆದರೆ ಎದ್ದು ಒಳಗೆ ಹೋಗುತ್ತಿದ್ದರು. ಅತ್ತೆ ಹೇಳಿದ್ದು ಬೇರೆಯೇ. 1942ರ ಚಳವಳಿಯಲ್ಲಿ ಅವರ ಸೋದರಮಾವ ಜೈಲಿಗೆ ಹೋದರು. ಅದೇ ವರ್ಷದ ಕೊನೆಗೆ, ಮನೆಯಲ್ಲಿ ಅಕ್ಕಿಯಿಲ್ಲದ ದಿನಗಳಲ್ಲಿ, ದೊಡ್ಡಪ್ಪ ಯಾರಿಗೂ ಹೇಳದೆ ಸೈನ್ಯಕ್ಕೆ ಸೇರಿದರು. ತಿಂಗಳು ತಿಂಗಳೂ ಬಂದ ಮನಿಯಾರ್ಡರಿನಿಂದಲೇ ಮನೆ ನಡೆಯಿತು. ಆದರೆ ಮಾವ ಬಿಡುಗಡೆಯಾಗಿ ಬಂದ ಮೇಲೆ ಸೈನ್ಯದ ಹೆಸರೆತ್ತುವುದು ಬೇಡವೆಂದು ಅಜ್ಜಿ ಕಟ್ಟಪ್ಪಣೆ ಮಾಡಿದರಂತೆ. ತಂದೆ ಮಹಾರಾಜರ ಸವಾರ, ಆದ್ದರಿಂದ ವೀರ; ಮಗ ಬ್ರಿಟಿಷರ ಸಿಪಾಯಿ, ಆದ್ದರಿಂದ ಗುಮಾಸ್ತ! ಹೈಫಾದಲ್ಲಿಯೂ ಅಜ್ಜ ಹೋರಾಡಿದ್ದು ಬ್ರಿಟಿಷರ ಯುದ್ಧವನ್ನೇ ಎಂಬುದು ಯಾರಿಗೂ ಹೊಳೆಯಲಿಲ್ಲ.

ಇಂಫಾಲ ಮತ್ತು ಕೊಹಿಮಾದ ಕದನಗಳು ನಡೆದದ್ದು 1944ರಲ್ಲಿ. ಆ ಸೈನ್ಯವನ್ನು ಅದರವರೇ "ಮರೆತುಹೋದ ಸೈನ್ಯ" ಎಂದು ಕರೆದುಕೊಳ್ಳುತ್ತಿದ್ದರು. ಆ ಪಾಠವನ್ನು ಎಷ್ಟೋ ಸಲ ನಾನು ಎರಡೇ ವಾಕ್ಯಗಳಲ್ಲಿ ಮುಗಿಸಿದ್ದೇನೆ. ಆಗ ದೊಡ್ಡಪ್ಪ ಇರಲಿಲ್ಲ. ಆದರೆ ನಾನು ಬಿ.ಎಡ್. ಓದುವಾಗ ಇದ್ದರು. ಕೇಳಬಹುದಿತ್ತು.

ತಮ್ಮ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಅವನೇ ಫೋನ್ ಮಾಡಿ, ಫಲಕದ ಮೇಲೆ ದೊಡ್ಡಪ್ಪನ ಹೆಸರಿನ ಮುಂದೆ ಯಾವ ಇಸವಿ ಬರೆಸಬೇಕೆಂದು ಕೇಳಿದನು. ಟೋಪಿಯ ಒಳಗಿರುವುದನ್ನೇ ಬರೆಸು ಎಂದೆ.