ಔಷಧಿ ಚೀಟಿಯ ಮೊಟಕು ಮಾತು: ಅಡಿಲೇಡ್, ಬ್ರಿಸ್ಬೇನ್, ಪರ್ತ್

ಆಸ್ಟ್ರೇಲಿಯಾದ ಕನ್ನಡ ಕುಟುಂಬಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈಚೆಗೆ ಪಿಡಿಎಫ್‌ಗಳು ಓಡಾಡುತ್ತಿವೆ. ವೈದ್ಯರು ಬಳಸುವ ಸಂಕ್ಷೇಪಾಕ್ಷರಗಳು ಒಂದು ಕಡೆ, ಅವುಗಳ ಪೂರ್ಣರೂಪ ಇನ್ನೊಂದು ಕಡೆ. ಊರಿಂದ ಅಪ್ಪ ಅಮ್ಮ ಬಂದಾಗ ಇದೊಂದು ಕೈಲಿದ್ದರೆ ಸಾಕು ಎಂಬ ಒಕ್ಕಣೆ ಬೇರೆ. ಅಡಿಲೇಡ್, ಬ್ರಿಸ್ಬೇನ್, ಪರ್ತ್ ಮೂರೂ ಊರಿನ ಆಸ್ಪತ್ರೆ ಫಾರ್ಮಸಿಗಳಲ್ಲಿ ದುಡಿದ ನನಗೆ ಇದನ್ನು ಕಂಡರೆ ಕಸಿವಿಸಿ. ಪಟ್ಟಿ ಬಾಯಿಪಾಠ ಮಾಡಿದ್ದರಿಂದ ಈ ಕ್ಷೇತ್ರದಲ್ಲಿ ಅಪಾಯ ತಗ್ಗಿದ್ದನ್ನು ನಾನಂತೂ ಕಂಡಿಲ್ಲ. ಮೊಟಕಾಗಿ ಬರೆಯುವುದನ್ನು ಬರೆಯುವವರೇ ಬಿಟ್ಟಾಗ ತಗ್ಗಿದೆ.

ಹಳೆಯ ಕತೆಯನ್ನು ಬೇಗ ಮುಗಿಸುತ್ತೇನೆ. ‘ಬಿಡಿ’ (ದಿನಕ್ಕೆ ಎರಡು ಸಲ), ಟಿಡಿಎಸ್ (ಮೂರು ಸಲ), ಕ್ಯೂಐಡಿ (ನಾಲ್ಕು ಸಲ), ಪಿಆರ್‌ಎನ್ ಇವೆಲ್ಲ ಲ್ಯಾಟಿನ್ ಮಾತಿನ ತುಂಡುಗಳು. ಬ್ರಿಟಿಷರ ಹಿಂದೆಯೇ ಅವು ಅಡಿಲೇಡ್‌ಗೂ ಬಂದವು, 1924ರಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜಿಗೂ ಬಂದವು. ಬಂದ ಮೇಲೆ ದಾರಿ ಕವಲೊಡೆಯಿತು. ‘ಬೇಕೆನಿಸಿದಾಗ ಮಾತ್ರ’ ಎನ್ನಲು ನಮ್ಮೂರಲ್ಲಿ ಎಸ್‌ಓಎಸ್, ಇಲ್ಲಿ ಪಿಆರ್‌ಎನ್. ನಮ್ಮಲ್ಲಿ ಬೆಳಿಗ್ಗೆ ಒಂದು ರಾತ್ರಿ ಒಂದು ಎನ್ನಲು 1-0-1. ಇಲ್ಲಿಯವರಿಗೆ ಭಿನ್ನರಾಶಿಯ ಹುಚ್ಚು. 6/24 ಅಂದರೆ ಆರು ಗಂಟೆಗೊಮ್ಮೆ, 3/7 ಅಂದರೆ ಮೂರು ದಿನ, 2/52 ಅಂದರೆ ಎರಡು ವಾರ, 2/12 ಅಂದರೆ ಎರಡು ತಿಂಗಳು. ಆ ಕೊನೆಯದನ್ನು ಡಿಸೆಂಬರ್ 2 ಎಂದು ಓದಿಕೊಂಡು ಸುಮ್ಮನೆ ಕಾಯುವ ಹಿರಿಯರನ್ನು ದೂರುವುದು ಹೇಗೆ? 6/24 ಅನ್ನು ದಿನಕ್ಕೆ ಆರು ಸಲ ಎಂದು ಓದುವ ಅಪಾಯವಂತೂ ದಾದಿಯರಿಗೂ ತಪ್ಪಿದ್ದಲ್ಲ.

ಕನ್ನಡದ ವೈದ್ಯ ಸಾಹಿತ್ಯ ಈ ಕಡೆ ಹೆಚ್ಚು ತಿರುಗಿ ನೋಡಲಿಲ್ಲ. ಅನುಪಮಾ ನಿರಂಜನ ಅವರ ‘ತಾಯಿ ಮಗು’ವಿನಿಂದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳವರೆಗೆ ನಮ್ಮವರು ಕಾಯಿಲೆಯನ್ನು ಚೆನ್ನಾಗಿ ತಿಳಿಸಿಕೊಟ್ಟರು. ಚೀಟಿ ಓದುವ ಕೆಲಸವನ್ನು ಮೆಡಿಕಲ್ ಶಾಪಿನ ಹುಡುಗನಿಗೆ ಬಿಟ್ಟರು.

ಆಸ್ಟ್ರೇಲಿಯಾದಲ್ಲಿ ಗಾಳಿ ಬದಲಾದದ್ದು 1995ರಲ್ಲಿ. ನ್ಯೂ ಸೌತ್ ವೇಲ್ಸ್ ಮತ್ತು ಸೌತ್ ಆಸ್ಟ್ರೇಲಿಯಾದ 28 ಆಸ್ಪತ್ರೆಗಳ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಕಡತಗಳನ್ನು ತೆರೆದು ನೋಡಿದ ಅಧ್ಯಯನವೊಂದು ಪ್ರಕಟವಾಯಿತು. ದಾಖಲಾತಿಗಳಲ್ಲಿ ಶೇ. 16.6ರಷ್ಟಕ್ಕೆ ಚಿಕಿತ್ಸೆಯಿಂದಲೇ ಆದ ತೊಂದರೆ ತಳುಕು ಹಾಕಿಕೊಂಡಿತ್ತು. ಅದರಲ್ಲಿ ಅರ್ಧದಷ್ಟು ತಪ್ಪಿಸಬಹುದಾಗಿದ್ದದ್ದು. ಬರೆದವರಲ್ಲಿ ಅಡಿಲೇಡ್‌ನ ಅರಿವಳಿಕೆ ತಜ್ಞ ಬಿಲ್ ರನ್ಸಿಮನ್ ಒಬ್ಬರು. ತಪ್ಪು ಮಾಡಿದವರನ್ನು ಹುಡುಕುವ ಬದಲು ತಪ್ಪು ಹುಟ್ಟುವ ಜಾಗ ಹುಡುಕಬೇಕು ಎಂಬ ಮಾತಿಗೆ ಬಲ ಬಂದದ್ದು ಇಂಥವರಿಂದ.

ಮುಂದಿನದು ನಮ್ಮ ತಲೆಮಾರಿನ ಕೆಲಸ, ಹೆಚ್ಚಿನಂಶ ಫಾರ್ಮಸಿಸ್ಟರದು. (ಡಾಕ್ಟರುಗಳು ತಮ್ಮದೆಂದು ಹೇಳಿಕೊಳ್ಳುತ್ತಾರೆ, ಇರಲಿ.) ಅಮೆರಿಕದ ಫಾರ್ಮಸಿಸ್ಟ್ ಮೈಕೆಲ್ ಕೋಹೆನ್ 1975ರಿಂದಲೇ ಔಷಧ ಪ್ರಮಾದಗಳ ಬಗ್ಗೆ ಅಂಕಣ ಬರೆಯುತ್ತಿದ್ದರು. ಅಂಥ ಪ್ರಮಾದ ಹುಟ್ಟುವುದು ಹೀಗೆ: ಇನ್ಸುಲಿನ್ 4 ಯುನಿಟ್ ಎನ್ನಲು 4ರ ಪಕ್ಕ ಇಂಗ್ಲಿಷಿನ ‘ಯು’ ಗೀಚಿದರೆ ಅದು ಸೊನ್ನೆಯಂತೆ ಕಂಡು 40 ಆಗುತ್ತದೆ. 1.0 ಎಂದು ಬರೆದರೆ ಚುಕ್ಕೆ ಮಾಸಿ 10 ಆಗುತ್ತದೆ. ಮೈಕ್ರೋಗ್ರಾಂಗೆ ಗ್ರೀಕ್ ಅಕ್ಷರ ಹಾಕಿದರೆ ಮಿಲಿಗ್ರಾಂ ಎಂದು ಓದಿ ಸಾವಿರ ಪಟ್ಟು ಹೆಚ್ಚಾಗಬಹುದು.

ಬ್ರಿಸ್ಬೇನ್‌ಗೆ ಇದರಲ್ಲಿ ದೊಡ್ಡ ಪಾಲು. ಕ್ವೀನ್ಸ್‌ಲ್ಯಾಂಡಿನಲ್ಲಿ ಇಯಾನ್ ಕೂಂಬ್ಸ್ ಮತ್ತು ಸಂಗಡಿಗರು ಎಲ್ಲ ಆಸ್ಪತ್ರೆಗೂ ಒಂದೇ ನಮೂನೆಯ ಔಷಧ ಚಾರ್ಟ್ ತಂದು, ಅದರಿಂದ ತಪ್ಪುಗಳು ಇಳಿದದ್ದನ್ನು ಲೆಕ್ಕ ಹಾಕಿ ತೋರಿಸಿದರು. ದೇಶದ ಸರ್ಕಾರಿ ಆಸ್ಪತ್ರೆಗಳೆಲ್ಲ 2006ರೊಳಗೆ ಒಂದೇ ಚಾರ್ಟ್ ಬಳಸಬೇಕೆಂದು ಆರೋಗ್ಯ ಮಂತ್ರಿಗಳು 2004ರಲ್ಲಿ ಒಪ್ಪಿದ್ದರು. ಪರ್ತ್ ಮುಂದೆ ಎಂದಿನಂತೆ ತನ್ನದೇ ಚಾರ್ಟ್ ಮಾಡಿಕೊಂಡಿತು. ಔಷಧ ಬರೆಯುವಾಗಿನ ಸಂಕ್ಷೇಪಗಳ ಬಗ್ಗೆ 2008ರಲ್ಲಿ ಆರೋಗ್ಯ ಸೇವೆಯ ಸುರಕ್ಷತೆ ನೋಡಿಕೊಳ್ಳುವ ರಾಷ್ಟ್ರೀಯ ಆಯೋಗದ ಶಿಫಾರಸು ಬಂತು, 2016ರಲ್ಲಿ ಪರಿಷ್ಕಾರವಾಯಿತು: ಔಷಧದ ಹೆಸರು ಪೂರ್ತಿ ಬರೆಯಿರಿ, ಯುನಿಟ್ ಎಂದೇ ಬರೆಯಿರಿ, ಮೈಕ್ರೋಗ್ರಾಂ ಎಂದೇ ಬರೆಯಿರಿ, ಭಿನ್ನರಾಶಿ ಬಿಡಿ. ಆದರೂ ‘ಬಿಡಿ’, ‘ಟಿಡಿಎಸ್’ಗಳನ್ನು ಉಳಿಸಿಕೊಂಡರು. ಹಳೇ ವೈದ್ಯರ ಮುಲಾಜು, ಅಷ್ಟೆ.

ಇದೆಲ್ಲ ನಮ್ಮ ಮನೆಗಳಿಗೆ ಹೇಗೆ ತಾಗುತ್ತದೆ? ಊರಿಂದ ಬಂದ ತಾಯಿಯೊಬ್ಬರ ಚೀಲದಲ್ಲಿರುವ ಚೀಟಿ ಹೀಗಿರುತ್ತದೆ: ಥೈರೋನಾರ್ಮ್ 50 ಓಡಿ, ಅಟೋರ್ವಾ 10 ಎಚ್‌ಎಸ್, ಡೋಲೋ 650 ಎಸ್‌ಓಎಸ್. ತುರ್ತು ವಿಭಾಗದ ರಾತ್ರಿ ಪಾಳಿಯ ಕಿರಿಯ ಡಾಕ್ಟರಿಗೆ ಮೂರೂ ಬ್ರ್ಯಾಂಡ್ ಅಪರಿಚಿತ. 50 ಏನು, ಮಿಲಿಗ್ರಾಂ ಅಥವಾ ಮೈಕ್ರೋಗ್ರಾಂ? ಅವರ ವಾರ್ಡಿನಲ್ಲಿ ಓಡಿ ಎಂದರೆ ಮಿತಿಮೀರಿ ನುಂಗಿದ್ದು. ಕಣ್ಣಿನ ವಿಭಾಗದಲ್ಲಿ ಬಲಗಣ್ಣು. ಬರೆದ ವೈದ್ಯರ ಪ್ರಕಾರ ದಿನಕ್ಕೊಂದು. ಎಚ್‌ಎಸ್ ಎಂದರೆ ಮಲಗುವಾಗ, ಅಥವಾ ಅರ್ಧ ಶಕ್ತಿಯ ಮಾತ್ರೆ. ಪಿಡಿಎಫ್ ಈ ಎಲ್ಲ ಅರ್ಥವನ್ನೂ ಕೊಡುತ್ತದೆ. ಯಾವುದೆಂದು ಮಾತ್ರ ಹೇಳುವುದಿಲ್ಲ. ಆಮೇಲೆ ಫೋನು, ಬೆಂಗಳೂರಿನಲ್ಲಿ ಆಗ ನಡುರಾತ್ರಿ.

ಹೆಸರುಗಳ ಮಟ್ಟಿಗೆ ಎರಡೂ ದೇಶ ಕೊಂಚ ಹತ್ತಿರ ಬಂದಿವೆ. 2016ರಲ್ಲಿ ಆಸ್ಟ್ರೇಲಿಯಾ ಫ್ರೂಸೆಮೈಡ್, ಲಿಗ್ನೊಕೇನ್‌ಗಳನ್ನು ಬಿಟ್ಟು ಅಂತರರಾಷ್ಟ್ರೀಯ ಹೆಸರುಗಳಾದ ಫ್ಯೂರೋಸೆಮೈಡ್, ಲಿಡೊಕೇನ್‌ಗಳತ್ತ ಹೊರಟಿತು. ಅದೇ ವರ್ಷ ಭಾರತೀಯ ವೈದ್ಯಕೀಯ ಪರಿಷತ್ತು ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದಿತು. ಅಲ್ಲಿ ಪಾಲನೆ ಎಷ್ಟೆಂದು ಮೇಲಿನ ಚೀಟಿಯೇ ಹೇಳುತ್ತದೆ. ಇಲ್ಲಿ 2021ರ ಫೆಬ್ರವರಿಯಿಂದ ಸರ್ಕಾರಿ ಸಬ್ಸಿಡಿಯ ಬಹುತೇಕ ಚೀಟಿಗಳಲ್ಲಿ ಮೂಲದ್ರವ್ಯದ ಹೆಸರು ಕಡ್ಡಾಯ.

ಕಂಪ್ಯೂಟರು ಬಂದರೆ ಎಲ್ಲ ಸರಿಹೋಗುತ್ತದೆ ಎಂದೊಂದು ನಂಬಿಕೆಯಿತ್ತು. 2015ರಲ್ಲಿ ಬ್ರಿಸ್ಬೇನ್‌ನ ಪ್ರಿನ್ಸೆಸ್ ಅಲೆಕ್ಸಾಂಡ್ರಾ ಆಸ್ಪತ್ರೆ ಡಿಜಿಟಲ್ ಆಯಿತು. ಅಕ್ಷರ ದುಂಡಗಾಯಿತು, ನಿಜ. ಆದರೆ ಔಷಧದ ಕಾಲಂ ಬಿಟ್ಟು ವೈದ್ಯರು ತಾವೇ ಟೈಪ್ ಮಾಡುವ ಜಾಗಗಳಲ್ಲಿ ಸಂಕ್ಷೇಪಗಳು ಮೊದಲಿನಂತೆಯೇ ಇವೆ. ಎಮ್‌ಎಸ್ ಎಂದರೆ ನರದ ಕಾಯಿಲೆಯೂ ಹೌದು, ಹೃದಯ ಕವಾಟದ ಕಾಯಿಲೆಯೂ ಹೌದು. ಎನ್‌ಎಡಿ ಎಂದರೆ ದೋಷವೇನೂ ಕಾಣಲಿಲ್ಲ ಎಂದರ್ಥ; ‘ನೋಡಲೇ ಇಲ್ಲ’ ಎಂಬುದು ವಾರ್ಡಿನ ಹಳೇ ಜೋಕು.

ದೊಡ್ಡ ತೂತು ಇರುವುದು ಇನ್ನೊಂದು ಕಡೆ. ಹೃದಯ ನಿಂತರೆ ಮರಳಿ ಬಡಿಯುವಂತೆ ಮಾಡುವ ಯತ್ನ ಬೇಡ ಎನ್ನಲು ಇಲ್ಲಿಯ ಮಾತು ಎನ್‌ಎಫ್‌ಆರ್. ಊರಿನವರಿಗೆ ಗೊತ್ತಿರುವುದು ಡಿಎನ್‌ಆರ್. ಈ ಬಗ್ಗೆ ರೋಗಿ, ಮನೆಯವರೊಡನೆ ನಡೆಸುವ ಮಾತುಕತೆಯ ನಮೂನೆಗೆ ಬ್ರಿಸ್ಬೇನ್‌ನಲ್ಲಿ ಎಆರ್‌ಪಿ (ಅಕ್ಯೂಟ್ ರಿಸಸಿಟೇಷನ್ ಪ್ಲ್ಯಾನ್), ಅಡಿಲೇಡ್‌ನಲ್ಲಿ ‘ಸೆವೆನ್ ಸ್ಟೆಪ್ ಪಾತ್‌ವೇ’, ಪರ್ತ್‌ನಲ್ಲಿ ‘ಗೋಲ್ಸ್ ಆಫ್ ಪೇಷೆಂಟ್ ಕೇರ್’. ಒಂದೇ ದೇಶ, ಮೂರು ಹೆಸರು. 2008ರ ಶಿಫಾರಸು ಔಷಧಕ್ಕಷ್ಟೇ ಸೀಮಿತ. ಸಾವು ಬದುಕಿನ ಈ ಪದಗಳು ಅದರ ಹೊರಗೆ. ಅದಕ್ಕೂ ಮಿಗಿಲಾಗಿ, ಆ ಶಿಫಾರಸು ಮನಸ್ಸಿನಲ್ಲಿಟ್ಟುಕೊಂಡ ಓದುಗರು ಮುಖ್ಯವಾಗಿ ವೈದ್ಯ, ದಾದಿ, ಫಾರ್ಮಸಿಸ್ಟ್. ಈಗ ‘ಮೈ ಹೆಲ್ತ್ ರೆಕಾರ್ಡ್’ನಲ್ಲಿ ರೋಗಿಯೇ ತನ್ನ ಡಿಸ್ಚಾರ್ಜ್ ಪತ್ರ ತೆರೆದು ಓದಬಹುದು. ಆತನನ್ನು ಓದುಗನೆಂದು ಎಣಿಸಿ ಬರೆದ ಪತ್ರ ಅಪರೂಪ. ಅರ್ಥಕೋಶ ಹಂಚುವುದೆಂದರೆ, ಬರೆದವರ ಸೋಮಾರಿತನಕ್ಕೆ ಓದುವವರು ದಂಡ ಕಟ್ಟಿದ ಹಾಗೆ.

ಹಾಗಾಗಿ ಓದುಗರಲ್ಲಿ ಇಷ್ಟು ಕೇಳಿಕೊಳ್ಳುತ್ತೇನೆ. ಹಿರಿಯರು ವಿಮಾನ ಹತ್ತುವ ಮುಂಚೆ ಅಲ್ಲಿಯ ಡಾಕ್ಟರಿಂದ ಒಂದು ಹಾಳೆ ಬರೆಸಿಕೊಳ್ಳಿ: ಔಷಧದ ಜೆನೆರಿಕ್ ಹೆಸರು, ಮಿಲಿಗ್ರಾಂ ಅಥವಾ ಮೈಕ್ರೋಗ್ರಾಂ ಎಂದು ಬಿಡಿಸಿ ಬರೆದ ಪ್ರಮಾಣ, ಯಾವ ಹೊತ್ತು, ಯಾವ ಕಾಯಿಲೆಗೆ. ಇಲ್ಲಿಯ ಆಸ್ಪತ್ರೆಯಿಂದ ಹೊರಡುವಾಗ ಕೊಟ್ಟ ಪತ್ರದಲ್ಲಿ ಅರ್ಥವಾಗದ ಅಕ್ಷರ ಕಂಡರೆ ಮನೆಗೆ ತಂದು ಗೂಗಲ್ ಮಾಡಬೇಡಿ. ಅಲ್ಲೇ ನಿಂತು, ಪೂರ್ತಿ ಬರೆದುಕೊಡಿ ಎಂದು ಕೇಳಿ.