ಯಲಹಂಕ ನಾಡಪ್ರಭುಗಳು

ವಿಜಯನಗರದ ಸಾಮಂತರಾಗಿ ಬೆಂಗಳೂರು ಸೀಮೆಯನ್ನು ಆಳಿದ ಮೊರಸು ಒಕ್ಕಲಿಗ ಮನೆತನ. ‘ನಾಡಪ್ರಭು’ ಎಂದರೆ ನಾಡೆಂಬ ಆಡಳಿತ ವಿಭಾಗದ ಒಡೆಯ. ಚೋಳರ ಕಾಲದ ತಮಿಳು ಶಾಸನಗಳ ‘ಇಲೈಪ್ಪಾಕ್ಕ ನಾಡು’ ಇದೇ ಯಲಹಂಕ ನಾಡು.

ಕಂಚಿಯ ಕಡೆಯಿಂದ ಬಂದ ಏಳು ಸೋದರರಲ್ಲಿ ಹಿರಿಯನಾದ ರಣಭೈರೇಗೌಡ ದೇವನಹಳ್ಳಿ ಬಳಿಯ ಆವತಿಯಲ್ಲಿ ನೆಲೆಸಿದನೆಂದು ಐತಿಹ್ಯ. ಅವನ ವಂಶದ ಜಯಗೌಡ ಯಲಹಂಕ ಶಾಖೆಯ ಮೂಲಪುರುಷ. 1537ರಲ್ಲಿ ಬೆಂಗಳೂರು ಕೋಟೆ, ಪೇಟೆಗಳನ್ನು ಕಟ್ಟಿಸಿದ ಹಿರಿಯ ಕೆಂಪೇಗೌಡ ಮನೆತನದ ಕೀರ್ತಿಪುರುಷ. ತನ್ನದೇ ಭೈರವ ನಾಣ್ಯ ಟಂಕಿಸಿದ್ದಕ್ಕೆ ಆನೆಗೊಂದಿಯಲ್ಲಿ ಸೆರೆವಾಸ ಅನುಭವಿಸಿದನೆನ್ನುತ್ತಾರೆ. ಶಿವಗಂಗೆಯ ಗಂಗಾಧರೇಶ್ವರ ದೇಗುಲದಲ್ಲಿರುವ ಅವನ ಲೋಹದ ಪ್ರತಿಮೆ ಕೈಮುಗಿದು ನಿಂತಿದೆ. ಆಳಿದವನನ್ನು ಭಕ್ತನಾಗಿ ತೋರುವ ಆ ಚಿಕ್ಕ ಮೂರ್ತಿಯನ್ನು ಆಸಕ್ತರು ನೋಡಲೇಬೇಕು.

1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ ಬೆಂಗಳೂರನ್ನು ಗೆದ್ದ. ಮನೆತನ ಮಾಗಡಿಗೆ ಸರಿಯಿತು, ಸಾವನದುರ್ಗ ಆಸರೆಯಾಯಿತು. ಯಲಹಂಕ ಕೈತಪ್ಪಿದರೂ ‘ಯಲಹಂಕ ನಾಡಪ್ರಭು’ ಎಂಬ ಬಿರುದು ಉಳಿಯಿತು. ಕೆಂಪೇಗೌಡ ಎಂಬ ಹೆಸರೂ ತಲೆಮಾರುಗಳಲ್ಲಿ ಮರುಕಳಿಸಿತು. ಹಾಗಾಗಿ ಯಾವ ಕೆರೆ, ಗುಡಿ ಯಾರದೆಂದು ಹೇಳುವಾಗ ಎಚ್ಚರ ಬೇಕು. ಲಾಲ್‌ಬಾಗ್ ಬಂಡೆಯ ಮೇಲಿನದೂ ಸೇರಿ ನಾಲ್ಕು ಗಡಿಗೋಪುರಗಳು ಈ ಮನೆತನದವೆಂದು ಪ್ರಸಿದ್ಧ. ಇಂದಿನ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳೆಲ್ಲ ಆ ಗೋಪುರಗಳಾಚೆಗೆ ಹಬ್ಬಿದ ನಗರ.

1728ರಲ್ಲಿ ಮೈಸೂರು ಸೇನೆ ಮಾಗಡಿಯನ್ನು ವಶಪಡಿಸಿಕೊಂಡಿತು. ಕೊನೆಯ ನಾಡಪ್ರಭು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡ.